ದೇವಕಿಯ ಇಂಗ್ಲಿಷ್ ಪಾಠ

ದೇವಕಿ, ನಿನ್ನ ಇಂಗ್ಲಿಷ್ ಪಾಠ ನಿಲ್ಲಿಸಿದ್ದು ರೋಸಿಬಾಯಿ ಟೀಚರ್ ಅಲ್ಲ, ನಾನು. ನಿನ್ನ ಒಡಹುಟ್ಟಿದ ಅಕ್ಕ.

ಆಗ ಬಿಳಿಯರ ಆಳ್ವಿಕೆ. ನನ್ನನ್ನು ಶಾಲೆ ಬಿಡಿಸಿ ಅರೆಯುವ ಕಲ್ಲಿನ ಮುಂದೆ ಕೂರಿಸಿದ ಅಪ್ಪ ನಿನ್ನನ್ನು ಓದಿಸಿದರು. ಆ ಸಿಟ್ಟು ಇವತ್ತಿಗೂ ಆರಿಲ್ಲ — ಆರಬೇಕೆಂದೂ ಇಲ್ಲ. ಆದರೆ ಅಪ್ಪನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆನಲ್ಲ, ಹೇಡಿ ನಾನು.

ಕೊಡಿಯಾಲ್‌ಬೈಲಿನ ಶಾಲೆ ಸಂಜೆ ಬಿಟ್ಟ ಮೇಲೆ ಟೀಚರ್ ನಿನಗೆ ಪಾಠ ಹೇಳಲು ನಮ್ಮ ಜಗಲಿಗೆ ಬರುತ್ತಿದ್ದರು; ಕ್ರಿಶ್ಚಿಯನ್ನರು, ಒಳಗೆ ಬರುವ ಹಾಗಿರಲಿಲ್ಲ. ಮೊದಲು ಯಾರು ಎಂದು ಹೇಳು, ಕೂಡಲೇ ಏನು ಮಾಡಿದರು ಎಂದು ಹೇಳು, ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ನಮ್ಮ ಹಾಗೆ ಕೊನೆಯವರೆಗೆ ಕಾಯಿಸಬಾರದು. ಒಂದು ವಾಕ್ಯಕ್ಕೆ ಒಂದು ಸಂಗತಿ ಸಾಕು. ಒಳಗೆ ತೆಂಗಿನಕಾಯಿ ಅರೆಯುತ್ತ ನಾನೂ ಎಲ್ಲ ಕೇಳುತ್ತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ನೀನು ಮೊದಲು ನೆಟ್ಟಗೆ ಬರೆದ ವಾಕ್ಯ — ನನ್ನ ಅಕ್ಕ ಮೀನು ಬೇಯಿಸುತ್ತಾಳೆ. ಟೀಚರ್ ಭೇಷ್ ಎಂದರು. ನನಗೆ ಮೈ ಉರಿಯಿತು.

ನೀನು ನಿನ್ನ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆದರೆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸ ಕೊಡಿಸುತ್ತೇನೆ ಎಂದಿದ್ದರು ಟೀಚರ್. ನೀನು ಬರೆದೂ ಕೊಟ್ಟೆ. ಅದೇ ವಾರ ಮುಟ್ಟಾಗಿ ಹಿತ್ತಲಿನ ಕೊಟ್ಟಿಗೆಯಲ್ಲಿ ಕೂತಿದ್ದೆ. ಜಗಲಿಗೆ ಬರುವ ಹಾಗಿರಲಿಲ್ಲ. ಬಾಗಿಲಿಗೆ ಹೋದವಳು ನಾನು.

“ದೇವಕಿ ಎಲ್ಲಿ? ನಾಳೆ ಹೆಡ್‌ಮಿಸ್ಟ್ರೆಸ್ ಹತ್ರ ಕರ್ಕೊಂಡು ಹೋಗ್ತೇನೆ. ಅವಳ ವಾಕ್ಯ ಈಗ ಎಷ್ಟು ಚಂದ ಬರ್ತದೆ ಗೊತ್ತುಂಟಾ?”

“ಅವಳು ಇನ್ನು ಬರುವುದಿಲ್ಲಂತೆ ಟೀಚರ್. ನಿಮ್ಮ ಹತ್ರ ಕೂತ್ರೆ ಮತ್ತೆ ಮೀಯಬೇಕಲ್ಲ, ಯಾರಿಗೆ ಬೇಕು ಅಂದ್ಳು.”

ಅವರ ಮುಖ — ಬೇಡ. ಕೊಡೆ ಎತ್ತಿಕೊಂಡು ಇಳಿದು ಹೋದರು.

ನೀನು ಮಿಂದು ಬಂದವಳೇ ಸ್ಲೇಟು ಹಿಡಿದು ಜಗಲಿಯಲ್ಲಿ ಕೂತೆ.

“ಅಕ್ಕ, ಟೀಚರ್ ಎಂತಕ್ಕೆ ಬರ್ಲಿಲ್ಲ?”

“ಎಂತಕ್ಕೆ ಬರ್ತಾರೆ ಮಾರಾಯ್ತಿ? ನಿನ್ನ ತಲೆಗೆ ಹತ್ತುವುದಿಲ್ಲ ಅಂತ ಹೇಳಿ ಹೋದ್ರು.”

ನೀನು ನಂಬಿದೆ. ಕೂಳೂರಿಗೆ ಮದುವೆಯಾಗಿ ಹೋದೆ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದೆ. ಇಂಗ್ಲಿಷಿನಲ್ಲಿ ಏನು ಕಂಡರೂ ಇವತ್ತಿಗೂ “ನನ್ನ ತಲೆಗೆ ಅದು ಹತ್ಲಿಲ್ಲ” ಎಂದು ನಗುತ್ತ ಮೊಮ್ಮಗಳ ಕೈಗೆ ಕೊಡುತ್ತೀ. ನಿನ್ನ ಮನೆಗೆ ಬಂದಾಗಲೆಲ್ಲ ಪಕ್ಕದಲ್ಲಿ ನಾನು ಎಲೆ ಅಡಿಕೆ ಜಗಿಯುತ್ತ ಕೂತಿರುತ್ತೇನೆ.

ಆಗ ನಾನು ಚಿಕ್ಕವಳಿದ್ದೆ ಎಂದು ಯಾರೂ ನನಗೆ ಸಮಾಧಾನ ಹೇಳಬೇಡಿ. ಗೊತ್ತಿದ್ದೇ ಮಾಡಿದ್ದು. ಟೀಚರ್ ಆ ಮಾತು ಹೊತ್ತುಕೊಂಡೇ ತೀರಿಹೋದರು. ಅದನ್ನು ಇನ್ನು ಇಳಿಸಲಾಗದು. ನೀನು ಹೊತ್ತದ್ದನ್ನು ಇಳಿಸಬಹುದು. ನಾಳೆ ಕೂಳೂರಿಗೆ ಬಂದು ನಿನ್ನ ಮಕ್ಕಳು ಮೊಮ್ಮಕ್ಕಳ ಎದುರೇ ಹೇಳುತ್ತೇನೆ — ನಿನ್ನ ವಾಕ್ಯಗಳು ಚಂದ ಇದ್ದವು, ದೇವಕಿ. ಆಮೇಲೆ ಬೇಕಾದರೆ ನನ್ನನ್ನು ಅಂಗಳದಿಂದಲೇ ಅಟ್ಟು.