ನಡುಗೋಡೆಯ ಸದ್ದು

ಆಗ ನನಗೆ ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು. ಇದಾಗಿ ಆರೇಳು ವರ್ಷವಾಯಿತು. ದೆವ್ವ, ಶಕುನ, ಹಲ್ಲಿ ನುಡಿಯುವುದು, ಯಾವುದನ್ನೂ ನಾನು ನಂಬಿದವಳಲ್ಲ. ಮೈಮೇಲೆ ದೇವರು ಬರಿಸಿಕೊಂಡು ಕುಣಿಯುವವರನ್ನು ಕಂಡರೆ ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಅನ್ನಿಸುತ್ತಿತ್ತು. ಈಗ ನಂಬುತ್ತೇನೆ ಅಂತಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನಮ್ಮೂರು ಅಜ್ಜಂಪುರದ ಪಕ್ಕ, ರೈಲು ಹಳಿಯ ಹತ್ತಿರ. ಪಾತ್ರೆ ಅಲುಗಿದರೆ ಗೂಡ್ಸ್ ಗಾಡಿ ಹೋಯಿತು ಅನ್ನುವುದು ನಮಗೆ ರೂಢಿ. ಆ ಚಳಿಗಾಲದಲ್ಲಿ ಗಾಡಿ ಇಲ್ಲದಾಗಲೂ ಪಾತ್ರೆ ಅಲುಗತೊಡಗಿದವು. ನೆಲದೊಳಗೆ ಯಾರೋ ಮೂಟೆ ಎತ್ತಿ ಹಾಕಿದ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ಊರವರೆಲ್ಲ ಹೊರಗೆ ಮಲಗಿದರು. ನಾನೂ ಮಲಗಿದೆ. ಚಳಿಗೆ ಮಂಡಿ ಹಿಡಿದುಕೊಂಡಿತು. ಸತ್ತರೆ ಬೆಚ್ಚಗೆ ಸಾಯೋಣ ಅಂತ ಒಳಗೆ ಬಂದೆ.

ಶಾಲೆಯಲ್ಲಿ ನಡುಕ ಅಳೆಯುವ ಮಿಷನ್ ಇಡಲು ಯಾವುದೋ ಆಫೀಸಿನಿಂದ ಒಬ್ಬ ಹುಡುಗಿ ಬಂದಿದ್ದಳು. ಮನೆಮನೆ ನೋಡಿಕೊಂಡು ನಮ್ಮಲ್ಲಿಗೂ ಬಂದಳು.

"ಅಜ್ಜಿ, ದೊಡ್ಡ ಭೂಕಂಪ ಆಗೋ ಜಾಗಗಳು ಇಲ್ಲಿಂದ ಬಹಳ ದೂರ. ಇಲ್ಲಿ ಬಂಡೆಯೊಳಗೆ ಹಳೇ ಬಿರುಕುಗಳಿವೆ, ಎಂದಾದರೊಮ್ಮೆ ಜರುಗುತ್ತವೆ," ಅಂದಳು.

"ಯಾವಾಗ ಜರುಗ್ತವೆ ಅಂತ ನಿನ್ ಮಿಷನ್ ಹೇಳ್ತದಾ?"

"ಇಲ್ಲ ಅಜ್ಜಿ. ಆದ ಮೇಲೆ ಎಷ್ಟು ಅಂತ ಹೇಳುತ್ತೆ."

"ಆದ್ಮೇಲೆ ನಂಗೂ ಗೊತ್ತಾಯ್ತದೆ ಕಣವ್ವ."

ಅವಳು ನಕ್ಕಳು. ಆಮೇಲೆ ನಮ್ಮ ನಡುಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು, ನಗು ನಿಂತಿತು. "ನೆಲಕ್ಕಿಂತ ನನಗೆ ಈ ಗೋಡೆ ಭಯ. ಅಕ್ಕಪಕ್ಕದ ಗೋಡೆಗೆ ಇದು ಸೇರಿಕೊಂಡೇ ಇಲ್ಲ. ಸ್ವಲ್ಪ ಅಲುಗಿದರೂ ಬೀಳುತ್ತೆ. ಕೆಡವಿಸಿಬಿಡಿ," ಅಂದಳು.

ನನ್ನ ಗಂಡನೂ ಅವನ ತಮ್ಮನೂ ಜಗಳವಾಡಿ ಪಾಲಾದಾಗ, ಒಂದೇ ಮನೆಯ ನಡುವೆ ಸಿಟ್ಟಿನ ಭರದಲ್ಲಿ ಹಸಿ ಇಟ್ಟಿಗೆ ಪೇರಿಸಿ ಎಬ್ಬಿಸಿದ ಗೋಡೆ ಅದು. ಇಬ್ಬರೂ ಹೋದರು, ಗೋಡೆ ಉಳಿಯಿತು. ಈ ಕಡೆ ನಾನು, ಆ ಕಡೆ ನನ್ನ ವಾರಗಿತ್ತಿ ಸಿದ್ದಮ್ಮ. ನಮ್ಮಿಬ್ಬರಿಗೂ ಮಾತಿಲ್ಲ. ಇಬ್ಬರ ಒಲೆಯೂ ಹಾಸಿಗೆಯೂ ಆ ಗೋಡೆಗೇ ಒತ್ತಿಕೊಂಡಿದ್ದವು, ಬೇರೆ ಜಾಗವಿರಲಿಲ್ಲ. ಬಿದ್ದರೆ ನಾನೋ ಅವಳೋ ಅದರ ಅಡಿಯಲ್ಲಿ. ಆದರೆ ಮೊದಲು ಕೈ ಹಚ್ಚಿದವಳು ಪಾಲು ಬಿಟ್ಟುಕೊಟ್ಟ ಹಾಗೆ ಅನ್ನುತ್ತಾರೆ ನಮ್ಮ ಕಡೆ. ನಾನು ಕೆಡವಲಿಲ್ಲ. ಅವಳೂ ಕೆಡವಲಿಲ್ಲ.

ಒಂದು ಸಂಜೆ ದೀಪ ಹಚ್ಚಿ ಒಲೆ ಮುಂದೆ ಕೂತಿದ್ದೆ. ಗೋಡೆ ಕುಟ್ಟುವ ಸದ್ದು ಕೇಳಿತು. ಬಿರುಕು ಬಿಟ್ಟ ಸದ್ದಲ್ಲ, ಮಣ್ಣು ಉದುರಿದ್ದಲ್ಲ. ಅಂಗೈಯಿಂದ ಬಾಗಿಲು ತಟ್ಟಿ, ನಿಲ್ಲಿಸಿ, ಮತ್ತೆ ತಟ್ಟಿದ ಹಾಗೆ. ಪಾತ್ರೆ ಅಲುಗಲಿಲ್ಲ, ದೀಪದ ಕುಡಿಯೂ ನೆಟ್ಟಗೆ ಉರಿಯುತ್ತಿತ್ತು. ಗೋಡೆಗೆ ಕೈಯಿಟ್ಟೆ. ಆ ಕಡೆಯಿಂದ ಬಿದ್ದ ಏಟು ನನ್ನ ಅಂಗೈಗೆ ತಾಗಿತು. ನನ್ನ ಕಡೆಗೇ ಬೀಳಲಿ ಅಂತ ಇವಳು ಕುಟ್ಟುತ್ತಿದ್ದಾಳೆ ಅಂದುಕೊಂಡೆ. ಮೈ ಉರಿಯಿತು. ಕೈಯಲ್ಲಿದ್ದ ಸೌಟಿನ ಸಮೇತ ಬೀದಿಗೆ ಬಂದೆ. ಅದೇ ಗಳಿಗೆಗೆ ಅವಳೂ ತನ್ನ ಬಾಗಿಲಿಂದ ಹೊರಗೆ ಬಂದಳು.

"ಏನೇ, ಗೋಡೆ ನನ್ ಮೇಲ್ ಕೆಡವ್ಬೇಕು ಅಂತ ಕುಟ್ತಿದೀಯಾ?" ಅಂದೆ.

"ಕುಟ್ತಿರೋಳು ನೀನು. ಆಗ್ಲಿಂದ ಕೇಳಿಸ್ಕಂತಾ ಇವ್ನಿ, ಮುದುಕಿ."

"ನೀನೇನ್ ಹದಿನಾರರ ಹುಡ್ಗಿನಾ? ಸುಳ್ ಬೇರೆ ಹೇಳ್ತೀಯ."

"ಲೇ, ನನ್ ಕೈ ನೋಡೇ."

ನೋಡಿದೆ. ಎರಡೂ ಕೈಗೆ ಮಣಿಕಟ್ಟಿನವರೆಗೂ ರೊಟ್ಟಿ ಹಿಟ್ಟು ಮೆತ್ತಿಕೊಂಡಿತ್ತು. ಗೋಡೆ ಕುಟ್ಟಿದ ಕೈಯಲ್ಲ ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ನೆಲದೊಳಗೆ ಸದ್ದಾಯಿತು, ಕಾಲಡಿ ತೂಗಿತು, ಇಬ್ಬರ ಬಾಗಿಲಿಂದಲೂ ಒಟ್ಟಿಗೆ ಧೂಳು ನುಗ್ಗಿ ಬಂತು. ಗೋಡೆಯ ಅರ್ಧ ನನ್ನ ಒಲೆಯ ಮೇಲೆ ಬಿದ್ದಿತ್ತು, ಅರ್ಧ ಅವಳ ಒಲೆಯ ಮೇಲೆ.

ಆಫೀಸಿನ ಹುಡುಗಿ ಟಾರ್ಚ್ ಹಿಡಿದು ಓಡಿಬಂದಳು. ಮಿಷನ್ನಿನಲ್ಲಿ ಗೋಡೆ ಬಿದ್ದಾಗಿನ ನಡುಕ ಒಂದೇ ಬಂದಿದೆ, ಅದಕ್ಕೆ ಮುಂಚೆ ಏನೂ ಇಲ್ಲ ಅಂದಳು. ಹಸಿ ಇಟ್ಟಿಗೆ ಒಳಗೇ ಜಾರುತ್ತಿತ್ತೇನೋ ಅಂದಳು. ಇರಬಹುದು. ಆದರೆ ಜಾರುವ ಇಟ್ಟಿಗೆ ನಿಲ್ಲಿಸಿ ನಿಲ್ಲಿಸಿ ತಟ್ಟುತ್ತದೆಯೇ? ಅಣ್ಣತಮ್ಮಂದಿರೇ ಬಂದು ಗೋಡೆ ತಟ್ಟಿ ನಿಮ್ಮನ್ನು ಹೊರಗೆ ಕಳಿಸಿದರು ಅಂದರು ಊರವರು. ಬದುಕಿದ್ದಾಗ ಹೆಂಡಿರಿಗೆ ಒಂದು ಬಿಂದಿಗೆ ನೀರು ತಂದುಕೊಡದವರು, ಸತ್ತ ಮೇಲೆ ಅಷ್ಟು ದೂರದಿಂದ ಬರುತ್ತಾರೆಯೇ? ನನಗೆ ಗೊತ್ತಿಲ್ಲ. ಯೋಚಿಸಿ ಯೋಚಿಸಿ ಸಾಕಾಗಿ ಬಿಟ್ಟಿದ್ದೇನೆ.

ಮಾರನೆಯ ಬೆಳಿಗ್ಗೆ ಎದ್ದು, ಗೋಡೆಯಿದ್ದ ಜಾಗಕ್ಕೆ ಅಡ್ಡವಾಗಿ ಒಂದು ಹಳೇ ಸೀರೆ ಕಟ್ಟಲು ಹೋದೆ. ಒಂದು ತುದಿಯನ್ನು ಗೂಟಕ್ಕೆ ಬಿಗಿದೆ, ಇನ್ನೊಂದು ತುದಿಯ ಮೊಳೆಗೆ ನನ್ನ ಕೈ ಎಟುಕಲಿಲ್ಲ. ಸಿದ್ದಮ್ಮ ಮಣ್ಣಿನ ಗುಡ್ಡೆ ಹತ್ತಿ ಬಂದು, ತುದಿ ಇಸಿದುಕೊಂಡು ಕಟ್ಟಿದಳು. ತನ್ನ ಕಡೆಗೆ ಒಂದು ಗೇಣು ಜಾಗ ಜಾಸ್ತಿ ಬರುವ ಹಾಗೆ ಕಟ್ಟಿದಳು. ನಾನು ಅದನ್ನು ನೋಡಿಯೂ ನನ್ನ ಕಡೆಯ ಗಂಟನ್ನು ಇನ್ನಷ್ಟು ಬಿಗಿದೆ.