ಕಡಲಕುದುರೆಗೆ ಬಾವಿನೀರು

ಗಂಗಕ್ಕನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಹುಡುಗಿಯಾಗಿದ್ದಾಗ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದು, ಮದುವೆಯಾದ ಮೇಲೆ ತದಡಿ ಬಂದರಿನಲ್ಲಿ ಬಲೆಯ ಮೀನು ಆರಿಸಿ, ಐವತ್ತು ದಾಟಿದ ಮೇಲೆ ಕುಮಟೆಯ ನಮ್ಮ ಮತ್ಸ್ಯಾಲಯಕ್ಕೆ ತೊಟ್ಟಿ ತೊಳೆಯಲು ಬಂದವಳು. ಅಲ್ಲಿ ಮರಿ ಮಾಡಿಸುವ ಕೆಲಸ ನನ್ನದು.

ಬಲೆಗೆ ಸಿಕ್ಕ ಒಂದು ಜೋಡಿ ಕಡಲಕುದುರೆಗಳನ್ನು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಸಾಕುತ್ತಿದ್ದೆವು. "ಮೊದ್ಲೆಲ್ಲ ಬುಟ್ಟಿಗಟ್ಲೆ ಬರ್ತಿದ್ವು ತಂಗೀ, ದಂಡೆಗೆ ಬಿಸಾಕ್ತಿದ್ದೆ. ಈಗ ನೋಡೂಕೂ ಸಿಗೂದಿಲ್ಲ" ಎನ್ನುತ್ತಿದ್ದಳು. ಬಸಿರಾಗುವುದು ಗಂಡು ಎಂದು ಹೇಳಿದ್ದೇ ತಡ, ಬಿದ್ದು ಬಿದ್ದು ನಕ್ಕಳು. "ಅಯ್ಯಬ್ಬಾ! ನಮ್ಮನೆಯವ್ರಿಗೂ ಯಾರಾದ್ರೂ ಇದನ್ನ ಹೇಳ್ಬೇಕಿತ್ತು!"

ಮೊದಲ ಸಲದ ಮರಿಗಳು ಮೂರೇ ದಿನದಲ್ಲಿ ಸತ್ತವು. ಮತ್ತೆ ಗಂಡಿನ ಹೊಟ್ಟೆ ಉಬ್ಬಿದಾಗ ನನಗೆ ಊಟವೇ ಸೇರಲಿಲ್ಲ. ಈ ಮರಿಗಳೂ ಹೋಗಿ, ಹೆತ್ತವಕ್ಕೂ ಏನಾದರೂ ಆದರೆ ಇನ್ನೊಂದು ಜೋಡಿಯನ್ನು ಎಲ್ಲಿಂದ ತರಲಿ? ಮೀಟರು ಅದ್ದಿ ನೀರು ಅಳೆದು ನೋಡಿದರೆ ಉಪ್ಪು ಏರಿಬಿಟ್ಟಿದೆ! ತೊಟ್ಟಿಯ ನೀರು ಆರಿ ಇಳಿದಷ್ಟೂ ದಿನಾ ಬಾವಿನೀರು ಹಾಕಲು ಹೇಳಿದ್ದೆ. ಗಂಗಕ್ಕ ನನ್ನ ಕಣ್ಣು ತಪ್ಪಿಸಿ ಸಮುದ್ರದ ನೀರನ್ನೇ ಸುರಿಯುತ್ತಿದ್ದಳು.

"ಬುದ್ಧಿ ಇದ್ಯಾ ನಿಂಗೆ?" ಎಂದು ಕೂಗಾಡಿದೆ.

"ಸಮುದ್ರದ ಜೀವಕ್ಕೆ ಬಾವಿನೀರಾ? ಓದಿ ಓದಿ ಮರುಳಾದ ಕೂಚುಭಟ್ಟ ಅಂದಂಗಾತು ನಿಂದು!"

"ಹಂಗಾದ್ರೆ ನೀನೇ ನೆಕ್ಕಿ ನೋಡು."

ಬೆರಳು ಅದ್ದಿ ಬಾಯಿಗಿಟ್ಟಳು. ಮುಖ ಇಳಿದುಹೋಯಿತು. "ಅಯ್ಯೋ ದೇವ್ರೇ, ಇದು ಆಗರದ ನೀರು. ನೀರು ಆರ್ತದೆ, ಉಪ್ಪು ಉಳೀತದೆ. ಅದೇ ಕೆಲ್ಸ ಮಾಡಿ ಬೆಳೆದವ್ಳು, ನಂಗೇ ಹೊಳೀಲಿಲ್ವಲ್ಲ. ಆ ಮರಿಗಳನ್ನ ನಾನೇ ಕೊಂದೆ ತಂಗೀ" ಎಂದವಳು ಅಳುತ್ತಲೇ ಕೊಡ ಹಿಡಿದು ಬಾವಿಗೆ ಹೋದಳು.

ಒಮ್ಮೆಗೇ ಸುರಿಯಬಾರದೆಂದು ಎರಡು ದಿನ ಚೊಂಬು ಚೊಂಬಾಗಿ ಹಾಕಿದಳು, ಪ್ರತಿ ಚೊಂಬಿಗೂ ನೆಕ್ಕಿ ನೋಡಿದಳು. ಆರನೆಯ ದಿನ ಬೆಳಿಗ್ಗೆ ಗಂಡು ಕಡಲಕುದುರೆ ಮರಿ ಹಾಕಿತು. ಅರ್ಧದಷ್ಟು ಬದುಕಿದವು. ಅವುಗಳ ಸಂತಾನ ಈಗ ಬೇರೆ ಊರುಗಳ ಮತ್ಸ್ಯಾಲಯಗಳಲ್ಲೂ ಇದೆ. ಅಲ್ಲಿಯವರು ಕಡಲಿನಿಂದ ಹಿಡಿದು ತರಬೇಕಾಗಿಲ್ಲ. ಗಂಗಕ್ಕ ಕೆಲಸದಲ್ಲಿ ಇರುವವರೆಗೂ ನನ್ನ ಮೀಟರಿಗಿಂತ ಮೊದಲು ಅವಳ ಬೆರಳು ತೊಟ್ಟಿಗೆ ಇಳಿಯುತ್ತಿತ್ತು.

ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ ಮೊನ್ನೆ ಬಂದಿದ್ದಳು. ದೊಡ್ಡ ಜ್ವರ ಬಂದು ಸೊರಗಿದ್ದಳು. ನೇರ ತೊಟ್ಟಿಗೆ ಹೋಗಿ, ಬೆರಳು ಅದ್ದಿ ನೆಕ್ಕಿ, ಮತ್ತೊಮ್ಮೆ ಅದ್ದಿ ನೆಕ್ಕಿದಳು.

"ಜ್ವರ ಬಂದ್ಮೇಲೆ ಉಪ್ಪೇ ಗೊತ್ತಾಗೂದಿಲ್ಲ ತಂಗೀ. ನೀ ನೋಡಿ ಹೇಳು."

ಮೀಟರು ಕೈಯಲ್ಲೇ ಇತ್ತು. ಅದನ್ನು ಬದಿಗಿಟ್ಟು ಬೆರಳು ಅದ್ದಿ ನೆಕ್ಕಿದೆ.

"ಸಮಾ ಅದೆ ಗಂಗಕ್ಕಾ."

"ಆತು ಹಂಗಾರೆ" ಎಂದು ಗಾಜಿನ ಮುಂದೆ ಕುಳಿತಳು.