ಬಾಳವ್ವನ ಬರಿ ಮಡಿ

ಢಣ್, ಢಢಣ್, ಢಣ್.

ಶ್ರಾವಣದ ಬೆಳಿಗ್ಗೆ ಅಂಕಲಗಿಯ ಕೆಂಪು ಮಸಾರಿ ಹೊಲಗಳಲ್ಲಿ ಎಂಟು ಗಂಟೆಗೆಲ್ಲ ಈ ಸದ್ದು ಶುರುವಾಗುತ್ತದೆ. ಸಜ್ಜೆಯ ತೆನೆಗೆ ಹಾಲು ತುಂಬುವ ಹೊತ್ತು, ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುವ ಹೊತ್ತು. ನಾಲ್ಕು ಕಂಬದ ಅಟ್ಟದ ಮೇಲೆ ನಿಂತು ಬಾಳವ್ವ ಖಾಲಿ ಎಣ್ಣೆ ಡಬ್ಬಿಯನ್ನು ಕಟ್ಟಿಗೆಯಿಂದ ಬಡಿಯುತ್ತಾಳೆ. ಹಕ್ಕಿಗಳೆಲ್ಲ ಎದ್ದುಹೋದ ಮೇಲೂ ಒಂದೆರಡು ಪೆಟ್ಟು ಹೆಚ್ಚಿಗೆ ಹೊಡೆಯುತ್ತಾಳೆ. ಹೋದಂತೆ ಮಾಡಿ ತೆನೆಯ ಮರೆಯಲ್ಲಿ ಕುಳಿತವು ಇರಬಹುದೆಂದು.

ಬಾಳವ್ವನಿಗೆ ಐವತ್ತೆಂಟು. ನಾಗನೂರಿನ ಮಗಳು, ಅಂಕಲಗಿಗೆ ಸೊಸೆಯಾಗಿ ಬಂದು ನಲವತ್ತು ವರ್ಷ. ಮೂರೂವರೆ ಎಕರೆ ಹೊಲ, ಮಳೆಯ ನೀರೊಂದೇ ಅದಕ್ಕೆ ಗೊತ್ತು. ಯಾರ ಮಾತನ್ನೂ ಸುಲಭಕ್ಕೆ ನಂಬದವಳು ಎಂದು ಊರಿಗೇ ಗೊತ್ತು. ಗೋಕಾಕದ ಬಸ್ಸು ಹತ್ತುವಾಗ ಬೋರ್ಡು ಓದುತ್ತಾಳೆ, ಕಂಡಕ್ಟರನನ್ನು ಕೇಳುತ್ತಾಳೆ, ಕುಳಿತ ಮೇಲೆ ಬಾಜೂ ಇದ್ದವರನ್ನೂ ಕೇಳುತ್ತಾಳೆ. ಗಂಡ ರಾಚಪ್ಪ ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ಸಂಶಯಪಡುವ ಕೆಲಸವನ್ನೆಲ್ಲ ಹೆಂಡತಿಗೆ ವಹಿಸಿ ಹಾಯಾಗಿದ್ದಾನೆ.

ಅಂಗಡಿಯಿಂದ ತರುವ ಗೊಬ್ಬರವನ್ನು ಈ ಕಡೆ ಈಗಲೂ ಸರಕಾರಿ ಗೊಬ್ಬರ ಎನ್ನುತ್ತಾರೆ. ಡಿಎಪಿ ಚೀಲ ಮನೆಗೆ ಬಂದರೆ ಬಾಳವ್ವ ಹೊಲಿಗೆ ಬಿಚ್ಚಿ ಹತ್ತು ಕಾಳು ಅಂಗೈಗೆ ಹಾಕಿಕೊಳ್ಳುತ್ತಾಳೆ. ರಾಚಪ್ಪನ ತಂಬಾಕಿನ ಚಂಚಿಯಿಂದ ಸುಣ್ಣ ತೆಗೆದು ಸವರಿ, ಹೆಬ್ಬೆರಳಿನಿಂದ ತಂಬಾಕು ತಿಕ್ಕಿದಂತೆ ತಿಕ್ಕಿ ಮೂಗಿಗೆ ಹಿಡಿಯುತ್ತಾಳೆ. ಮೂಗು ಉರಿದು ಕಣ್ಣಲ್ಲಿ ನೀರು ಬಂದರೆ ಗೊಬ್ಬರ ಖರೆ. ಬರದಿದ್ದರೆ ಚೀಲ ಬಂದ ದಾರಿಯಲ್ಲೇ ವಾಪಸು.

ಕಳೆದ ಮೇ ತಿಂಗಳಲ್ಲಿ ಮೂಡಲಗಿಯಿಂದ ಸ್ಕೂಟಿಯ ಮೇಲೆ ವಿದ್ಯಾ ಬಂದಾಗಲೂ ಮೊದಲು ನಡೆದದ್ದು ಅದೇ ಪರೀಕ್ಷೆ. ವಿದ್ಯಾ ಕೃಷಿ ಓದಿದ ಹುಡುಗಿ. ಒಣ ಬೇಸಾಯದವರಿಗೆ ಗೊಬ್ಬರದ ಹದ ಹೇಳಿಕೊಡುವ ಒಂದು ಸಂಸ್ಥೆಯಲ್ಲಿ ಆಗತಾನೆ ಕೆಲಸಕ್ಕೆ ಸೇರಿದ್ದಳು. ತಾನೇ ಪುಕ್ಕಟೆ ತಂದುಕೊಟ್ಟ ಗೊಬ್ಬರವನ್ನು ಈ ಹೆಂಗಸು ಸುಣ್ಣ ಹಚ್ಚಿ ತಿಕ್ಕುವುದನ್ನು ನೋಡಲು ಬಗ್ಗಿದವಳು ಏಳೆಂಟು ಸಲ ಸೀನಿದಳು.

"ಖರೆ ಐತಿ," ಅಂದಳು ಬಾಳವ್ವ. "ಈಗ ಹೇಳ್ರಿ ಅಕ್ಕಾರ, ಏನ್ ಮಾಡಬೇಕು?"

"ಹೊಲದಾಗ ನಾಕು ಮಡಿ ಮಾಡೂಣ್ರಿ. ಒಂದಕ್ಕ ತಿಪ್ಪಿ ಗೊಬ್ಬರ, ಒಂದಕ್ಕ ಸರಕಾರಿ ಗೊಬ್ಬರ, ಒಂದಕ್ಕ ಎರಡೂ ಕೂಡಿಸಿ. ನಾಕನೇದು ಬರಿ ಮಡಿ. ಅದಕ್ಕ ಏನೂ ಹಾಕೂದಿಲ್ಲ."

"ಯಾಕ?"

"ಹಾಕಿದ್ರ ಎಷ್ಟು ಬರತೈತಿ, ಹಾಕದಿದ್ರ ಎಷ್ಟು ಬರತೈತಿ ಗೊತ್ತಾಗಬೇಕಲ್ರಿ."

"ಹಾಕದಿದ್ರ ಬರೂದಿಲ್ಲ ಅನ್ನೂದು ನನಗ ಇವತ್ತ ಗೊತ್ತೈತಿ. ಅದಕ್ಕ ಮೂರು ತಿಂಗಳು ಕಾಯೂದ್ಯಾಕ?"

ವಿದ್ಯಾ ನಕ್ಕಳು. "ಆ ಮಡಿ ಯಾರೂ ಮುಟ್ಟಬಾರದು ಬಾಳವ್ವಾರ. ಒಂದು ಬುಟ್ಟಿ ಸಗಣಿ ಸೈತ ಬೀಳಬಾರದು."

"ನಾವು ಲಿಂಗ ಕಟ್ಟಿದವರು. ನಮ್ಮ ಮನ್ಯಾಗ ಮಡಿ-ಮೈಲಿಗಿ ಇಲ್ಲ. ಹೊಲಕ್ಯಾಕ ತರತೀರಿ ಅದನ್ನ?"

ಬಾಯಲ್ಲಿ ಚೇಷ್ಟೆ ಇತ್ತು, ಒಳಗೆ ಸಂಶಯ ಕುದಿಯುತ್ತಿತ್ತು. ಬೆಳೆ ನಿಂತ ಮೇಲೆ ಇಲ್ಲಿ ಕ್ಷೇತ್ರೋತ್ಸವ ಮಾಡುತ್ತೇವೆ, ನಿಮ್ಮ ಹೆಸರಿನ ಬೋರ್ಡು ಹಾಕುತ್ತೇವೆ, ಸುತ್ತಲಿನ ಊರವರು ಬಂದು ನೋಡುತ್ತಾರೆ ಎಂದು ವಿದ್ಯಾ ಹೇಳಿದ್ದಳು. ಬಂದವರು ಹಸಿದು ಬಡಕಲಾದ ಆ ಮಡಿಯನ್ನು ನೋಡಿ, ಇದು ಬಾಳವ್ವನ ಒಕ್ಕಲುತನ ಅಂದರೆ? ಅದಕ್ಕೆಂದೇ ನನ್ನ ಹೊಲ ಆರಿಸಿರಬಹುದೇ?

ಯಾವುದು ಬರಿ ಮಡಿ ಎಂದು ಚೀಟಿ ಎತ್ತಿ ನಿರ್ಧರಿಸೋಣ ಅಂದಳು ವಿದ್ಯಾ.

"ಚೀಟಿ ಬರದವರೂ ನೀವ, ಮಡಚಿದವರೂ ನೀವ. ಬ್ಯಾಡ್ರಿ. ಆ ಈಶಾನ್ಯ ಮೂಲಿ ಬಿಡ್ರಿ ಬರಿ ಮಡಿಗಿ."

ಹೊಸಬಳಾದ ವಿದ್ಯಾ ಒಪ್ಪಿಕೊಂಡಳು. ಬಾಳವ್ವನಿಗೆ ಮಾತ್ರ ಆ ಮೂಲೆಯ ಗುಟ್ಟು ಗೊತ್ತಿತ್ತು. ಹನ್ನೆರಡು ವರ್ಷಗಳ ಹಿಂದೆ ಹುಕ್ಕೇರಿ ಕಡೆಯ ಒಂದು ಕುರಿಹಿಂಡಿಗೆ ಕಾಲುಬಾಯಿ ಬೇನೆ ಬಂದು, ಮುಂದೆ ನಡೆಯಲಾರದೆ ಆ ಮೂಲೆಯಲ್ಲೇ ಎರಡು ತಿಂಗಳು ನಿಂತಿತ್ತು. ಮುನ್ನೂರು ಕುರಿಗಳ ಹಿಕ್ಕೆ, ಉಚ್ಚೆ ಎಲ್ಲವನ್ನೂ ಆ ಮಣ್ಣು ಕುಡಿದಿತ್ತು. ಅಂದಿನಿಂದ ಅಲ್ಲಿ ಏನು ಬಿತ್ತಿದರೂ ಬೇರೆ ಕಡೆಗಿಂತ ಒಂದು ಗೇಣು ಎತ್ತರ, ಬಣ್ಣವೂ ಕಡು ಹಸಿರು. ಉಪವಾಸ ಕೆಡವಿದರೂ ಸೊರಗದ ಮೂಲೆ ಅದೊಂದೇ ಎಂದು ಅವಳು ಅದನ್ನೇ ಆರಿಸಿದ್ದಳು.

ಜೂನಿನಲ್ಲಿ ಬಿತ್ತನೆಯಾಯಿತು. ಜುಲೈನಲ್ಲಿ ಹದಿನೆಂಟು ದಿನ ಮಳೆ ಕೈಕೊಟ್ಟಿತು. ಸರಕಾರಿ ಗೊಬ್ಬರವನ್ನಷ್ಟೇ ಉಂಡ ಮಡಿ ಮೊದಲು ಜಿಗಿದು ಬೆಳೆದು, ಆಮೇಲೆ ಎಲೆ ಸುರುಳಿ ಸುತ್ತಿಕೊಂಡು ನಿಂತಿತು. ತಿಪ್ಪೆ ಗೊಬ್ಬರದ್ದು ನಿಧಾನ, ಆದರೆ ತಡೆದುಕೊಂಡಿತು. ಎರಡೂ ಕೂಡಿದ ಮಡಿಯ ತೆನೆಗಳು ಮೊಳಕೈಯುದ್ದ. ಅದರ ನಂತರದ ಸ್ಥಾನ, ಎಲ್ಲರೂ ಹಳದಿಯಾಗಿ ನಿಲ್ಲುತ್ತದೆ ಎಂದುಕೊಂಡಿದ್ದ ಬರಿ ಮಡಿಯದ್ದು.

ಶ್ರಾವಣದ ಒಂದು ಬೆಳಿಗ್ಗೆ ಅಳತೆ ಪಟ್ಟಿ ಹಿಡಿದು ಬಂದ ವಿದ್ಯಾ ಬರಿ ಮಡಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಅಟ್ಟದ ಕೆಳಗೆ ಬಂದು ಕೇಳಿದಳು.

"ಬಾಳವ್ವಾರ, ಇದಕ್ಕ ಯಾರಾದರೂ ಏನರ ಹಾಕ್ಯಾರೇನ್ರಿ?"

"ನಾ ಅಂತೂ ಒಂದು ಹಿಡಿ ಹಾಕಿಲ್ರಿ." ಅದು ಸುಳ್ಳಾಗಿರಲಿಲ್ಲ.

ಬದುವಿನ ಆಚೆಯ ಹೊಲದ ಮುತ್ತಪ್ಪ ಅಷ್ಟರಲ್ಲಿ ಬಂದಿದ್ದ. ನಿಪ್ಪಾಣಿಯಲ್ಲಿ ಲಾರಿ ಓಡಿಸುತ್ತಿದ್ದವನು, ನಾಲ್ಕು ವರ್ಷದ ಹಿಂದೆ ಊರಿಗೆ ಮರಳಿ ಒಕ್ಕಲುತನ ಹಿಡಿದವನು. ಬರಿ ಮಡಿಯೊಳಗೆ ಬಗ್ಗಿ ನಾಲ್ಕು ಒಣ ಹಿಕ್ಕೆ ಹೆಕ್ಕಿ ತಂದು ಅಂಗೈಯಲ್ಲಿ ತೋರಿಸಿದ.

"ನೋಡ್ರಿ ಮೇಡಂ. ಕುರಿ ಹಿಕ್ಕಿ. ಮೇ ತಿಂಗಳದಾಗ ಗೊಬ್ಬರಕ್ಕಂತ ಹತ್ತು ರಾತ್ರಿ ನನ್ನ ಹೊಲದಾಗ ಕುರಿ ನಿಲ್ಲಸಾಕ ಕುರಿಗಾರ ಬೀರಸಿದ್ದಪ್ಪಗ ಜ್ವಾಳ ಅಳದು ಕೊಟ್ಟೇನಿ. ನಾ ಮಲಗಿದ ಮ್ಯಾಲ ಅಂವಾ ಹಿಂಡು ಹೊಡಕೊಂಡು ಈ ಬಾಳವ್ವ ವೈನಿ ಹೊಲದಾಗ ನಿಲ್ಲಿಸ್ಯಾನ. ನನ್ನ ಸಜ್ಜಿ ಯಾಕ ಸಣ್ಣ ಆತು ಅಂತಿದ್ದೆ. ಈಗ ತಿಳೀತು."

ವಿದ್ಯಾ ನೋಟುಬುಕ್ಕಿನಲ್ಲಿ ಏನೋ ಬರೆದಳು. ಅಟ್ಟದಿಂದ ಬಾಳವ್ವನಿಗೆ ಅಕ್ಷರ ಕಾಣಲಿಲ್ಲ. ಕಾಣದ ಬರಹವೆಂದರೆ ಅವಳಿಗೆ ಮೊದಲೇ ಆಗದು.

ಮುತ್ತಪ್ಪ ಅಲ್ಲಿಂದಲೇ ಬೀರಸಿದ್ದಪ್ಪನಿಗೆ ಫೋನು ಹಚ್ಚಿ, ಬಾಳವ್ವನ ಈಶಾನ್ಯ ಮೂಲೆಯಲ್ಲಿ ಹಿಕ್ಕೆ ಸಿಕ್ಕಿದ್ದನ್ನು ಹೇಳಿ, ಮುಂದಿನ ವರ್ಷ ಈ ಸಾಲಿನ ಐದೂ ಹೊಲಗಳಲ್ಲಿ ನಿನ್ನ ಕುರಿಗೆ ಜಾಗವಿಲ್ಲ, ಎಲ್ಲರಿಗೂ ಹೇಳುತ್ತೇನೆ ಅಂದ. ಐದು ಹೊಲಗಳೆಂದರೆ ಬೀರಸಿದ್ದಪ್ಪನ ಹಿಂಡಿಗೆ ಬೇಸಿಗೆಯ ಒಂದೂವರೆ ತಿಂಗಳ ನೆಲೆ, ಅವನ ಮನೆಗೆ ಅರ್ಧ ವರ್ಷದ ಜೋಳ. "ನಾಳೆ ಬರ್ತೇನ್ರಿ, ನಾನ ಬಂದು ಮಾತಾಡ್ತೇನಿ" ಎಂಬ ದನಿ ಫೋನಿನಿಂದ ಕೇಳಿಸಿತು.

ಆ ದಿನವೆಲ್ಲ ಬಾಳವ್ವ ಕಾದಳು, ಯಾರಾದರೂ ತನ್ನನ್ನು ಸಂಶಯಪಡಲಿ ಎಂದು. ಯಾರೂ ಪಡಲಿಲ್ಲ. ಎಲ್ಲರನ್ನೂ ತಪಾಸು ಮಾಡುವವಳು ತಾನೇ ಮೋಸ ಮಾಡಿಯಾಳೆಂದು ಯಾರಿಗೂ ಹೊಳೆದಿರಲಿಲ್ಲ. ಹೇಳಿಬಿಟ್ಟರೆ ಬೋರ್ಡು ಹೋಗುತ್ತದೆ, ಹೆಸರೂ ಹೋಗುತ್ತದೆ. ಹೇಳದಿದ್ದರೆ ಕುರಿಗಾರನ ನೆಲೆ ಹೋಗುತ್ತದೆ. ಸಂಜೆ ರೊಟ್ಟಿ ಬಡಿಯುತ್ತ ಗಂಡನನ್ನು ಕೇಳಿದಳು.

"ಬೀರಸಿದ್ದ ಮೋಸ ಮಾಡೂ ಹಂತಾವ ಅನಸತೈತೇನು?"

"ಅಂವಾ? ಛೇ," ಅಂದ ರಾಚಪ್ಪ. "ನೀ ಅವನ ಮ್ಯಾಲೂ ಸಂಶೆ ತಗದಿ ಏನು?"

ಒಂದು ರೊಟ್ಟಿ ಹೆಂಚಿನ ಮೇಲೆ ಕಪ್ಪಾಯಿತು.

ಮರುದಿನ ಹತ್ತು ಗಂಟೆಗೆ ಬೀರಸಿದ್ದಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹುಕ್ಕೇರಿಯಿಂದ ಬಸ್ಸಿಗೆ ಬಂದ. ಕೂದಲು ನೆರೆತ ಸಣಕಲು ಮನುಷ್ಯ. ಮುತ್ತಪ್ಪ ಬರಿ ಮಡಿಯ ಹತ್ತಿರವೇ ಅವನನ್ನು ನಿಲ್ಲಿಸಿಕೊಂಡ. ವಿದ್ಯಾ ನೋಟುಬುಕ್ಕು ಹಿಡಿದು ಬದುವಿನ ಮೇಲೆ ಕುಳಿತಳು.

"ಹಿಕ್ಕಿ ಹೆಂಗ ಬಂತು ಹೇಳಲೇ," ಅಂದ ಮುತ್ತಪ್ಪ.

"ಹಳ್ಳಕ್ಕ ನೀರು ಕುಡಸಾಕ ಇದ ಬದುವಿನ ಮ್ಯಾಲ ಹಾಯ್ತಾವಲ್ರಿ. ನಾಕು ಉದರಿರತಾವ. ನಾಕು ಹಿಕ್ಕಿಗಿ ಇಷ್ಟು ಬೆಳಿ ಬಂದ್ರ ನನಗ ಗುಡಿ ಕಟ್ಟಸ್ರಿ."

"ಮತ್ತ ಬೆಳಿ ಹೆಂಗ ಬಂತು?"

ಬೀರಸಿದ್ದಪ್ಪ ಮಡಿಯನ್ನು ಒಮ್ಮೆ ನೋಡಿದ. ಆಮೇಲೆ ಬಾಳವ್ವನ ಕಡೆ ತಿರುಗಿದ. ಹನ್ನೆರಡು ವರ್ಷದ ಹಿಂದೆ ಇಲ್ಲಿ ನಿಂತ ಆ ಹಿಂಡು ಅವನ ಅಪ್ಪನದೇ. ಆಗ ಕುರಿಗಳ ಕಾಲಿಗೆ ಬಿಸಿ ಬೇವಿನ ನೀರು ಹಾಕಿದವನು ಇವನೇ.

"ನಾ ಹೇಳಿದ್ರ ನೆವಾ ಹೇಳತಾನ ಅಂತೀರಿ," ಅಂದ ಮೆಲ್ಲಗೆ. "ಬಾಳಕ್ಕಗ ಗೊತ್ತೈತಿ. ಆಕಿನ್ನ ಕೇಳ್ರಿ."

ಇವನಿಗೆ ನಿನ್ನೆ ಫೋನಿನಲ್ಲೇ ಎಲ್ಲ ತಿಳಿದಿತ್ತು, ಆದರೂ ಆಗ ನನ್ನ ಹೆಸರೆತ್ತದೆ ಬಸ್ಸು ಹತ್ತಿ ಬಂದಿದ್ದಾನೆ ಎಂಬುದು ಬಾಳವ್ವನಿಗೆ ಹೊಳೆಯಿತು. ಯಾಕೆ ಸುಮ್ಮನಿದ್ದ? ಏನು ಬೇಕಾಗಿದೆ ಇವನಿಗೆ? ರೂಢಿಯ ಸಂಶಯ ಹೆಡೆಯೆತ್ತಿತು. ಅವನ ಮುಖವನ್ನು ಇನ್ನೊಮ್ಮೆ ನೋಡಿದಳು. ಅಲ್ಲಿ ಕಾಯುವಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ಗುದ್ದಲಿ ತಂದಳು. ಬರಿ ಮಡಿಯಲ್ಲಿ ಒಂದು ಗೇಣು ಅಗೆದು ಒಂದು ಹಿಡಿ ಮಣ್ಣು ತೆಗೆದಳು. ಸರಕಾರಿ ಗೊಬ್ಬರದ ಮಡಿಯಲ್ಲೂ ಅಷ್ಟೇ ಅಗೆದು ಇನ್ನೊಂದು ಹಿಡಿ. ಎರಡೂ ಕೈ ವಿದ್ಯಾಳ ಮುಂದೆ ಚಾಚಿ ಹಿಸುಕಿದಳು. ಒಂದು ಕೈಯಲ್ಲಿ ಕೆಂಪು ಮಣ್ಣು ಮರಳಿನಂತೆ ಬೆರಳ ಸಂದಿಯಲ್ಲಿ ಜಾರಿತು. ಇನ್ನೊಂದರಲ್ಲಿ ಬರಿ ಮಡಿಯ ಕಪ್ಪು ಮಣ್ಣು ಉಂಡೆಯಾಗಿ ನಿಂತಿತು.

"ಹನ್ನೆರಡು ವರ್ಷದ ಹಿಂದ ಇವರಪ್ಪನ ಕುರಿ ಇಲ್ಲಿ ಎರಡು ತಿಂಗಳು ನಿಂತಿದ್ವು. ಅದರ ಸತುವು ಇನ್ನೂ ಐತಿ."

ವಿದ್ಯಾ ಎದ್ದು ನಿಂತಳು. "ಇದು ಗೊತ್ತಿದ್ದ ಈ ಮೂಲಿ ತೋರಿಸಿದ್ರೇನ್ರಿ ನನಗ?"

"ಹೂನ್ರಿ."

"ಯಾಕ್ರಿ ಬಾಳವ್ವಾರ?"

"ನಿಮ್ಮನ್ನ ನಂಬಲಿಲ್ರಿ."

ವಿದ್ಯಾಳ ಮುಖ ಕೆಂಪಾಯಿತು. "ಮುಂದಿನ ವಾರ ಮಂದಿ ಬರ್ತಾರ. ನಾ ಏನ್ ಹೇಳ್ಲಿ ಅವರಿಗೆ? ಬರಿ ಮಡಿ ಅಂತ ಬೋರ್ಡು ಬರಸೇನಿ!"

"ಇದ್ದದ್ದು ಹೇಳ್ರಿ. ಬಾಳವ್ವ ಮೋಸ ಮಾಡಿದ್ಲು ಅನ್ರಿ. ಕುರಿ ನಿಂತ ನೆಲ ಹನ್ನೆರಡು ವರ್ಷ ಉಣಸತೈತಿ ಅಂತಾನೂ ಅನ್ರಿ. ಮೊದಲ ಆ ಬುಕ್ಕಿನ್ಯಾಗ ಬೀರಸಿದ್ದನ ಹೆಸರು ಬರದಿರಬೇಕಲ್ಲ, ಅದನ್ನ ಹೊಡದು ಹಾಕ್ರಿ."

ವಿದ್ಯಾ ತುಟಿ ಕಚ್ಚಿ ಪೆನ್ನು ತೆಗೆದಳು. ಸಾಲು ಹೊಡೆದುಹಾಕುವ ತನಕ ಬಾಳವ್ವ ಬಗ್ಗಿ ನೋಡುತ್ತಲೇ ಇದ್ದಳು.

ಮುತ್ತಪ್ಪ ಮಾತ್ರ ಸೋಲಲಿಲ್ಲ. "ಮೂಲಿ ಕಥಿ ಖರೆ ಇರಬಹುದು ವೈನಿ. ಆದ್ರ ನನ್ನ ಹೊಲದಾಗ ಇವನ ಕುರಿ ಹತ್ತೂ ರಾತ್ರಿ ನಿಂತಾವ ಅನ್ನಾಕ ಏನ್ ಗುರ್ತು? ನಿಂತಿದ್ರ ನನ್ನ ಸಜ್ಜಿ ಹಿಂಗ್ಯಾಕ ಐತಿ?"

"ಕುರಿ ಎದ್ದ ಮ್ಯಾಲ ಹಿಕ್ಕಿ ಮಣ್ಣಾಗ ಕೂಡೂ ಹಂಗ ಎಷ್ಟು ದಿನಕ್ಕ ಹರಗಿದಿ?" ಅಂದಳು ಬಾಳವ್ವ.

"ಹರಗೂದೇನು, ಬಿತ್ತೂ ಮುಂದ ಹರಗಿದ್ನಿ. ಇಪ್ಪತ್ತು ದಿನ ಆಗಿತ್ತೋ ಏನೋ."

"ಇಪ್ಪತ್ತು ದಿನ ಬಿಸಲಾಗ ಬಿಟ್ಟಿ. ಒಣಗಿ ಗಾಳಿಗಿ ಹೋಗಿರತೈತಿ ಅರ್ಧ. ಉಳಿದದ್ದು ನೆಲಾ ಅಗದ್ರ ಕಾಣತೈತಿ."

"ಅದು ನಿಮ್ಮ ಮಾತು. ನಾ ಹೆಂಗ ನಂಬಲಿ? ನಿನ್ನೆ ತನಕ ನೀವೂ ಬಾಯಿ ಬಿಟ್ಟಿರಲಿಲ್ಲ. ಅವನೂ ನೀವೂ ಮೊದಲ ಮಾತಾಡಿಕೊಂಡಿರಬಹುದು."

ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿಕೊಂಡಳು.

"ಎಲ್ಲಿಗ್ರಿ ವೈನಿ? ನಾ ಇನ್ನೂ ಮಾತಾಡಾಕತ್ತೇನಿ. ಆ ಹತ್ತರಾಗ ಅಮಾಸಿ ರಾತ್ರಿ ನಾ ಊರಾಗ ಇರಲಿಲ್ಲ, ಅವತ್ತ ಇಂವ ಎಲ್ಲಿ..."

ಅವಳಾಗಲೇ ಬದು ದಾಟಿ ಮುತ್ತಪ್ಪನ ಸಜ್ಜೆಯ ಸಾಲಿನೊಳಗೆ ಇಳಿದಿದ್ದಳು.